ವಿಭೂತಿಗೆ ಹೆದರಿ ಪೈಪಿನ ನೆತ್ತಿಗೇರಿದ ಮೀಟರ್

ನೀರು ಸರಬರಾಜು ವಿಭಾಗದ ಕಾರ್ಯಪಾಲಕ ಎಂಜಿನಿಯರರಿಗೆ,

ಮಾನ್ಯರೇ, ಮೊದಲು ಕ್ಷಮೆ ಕೇಳುತ್ತೇನೆ. ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ ನಿಮ್ಮಂಥವರಿಗೆ ಬರೆಯುವುದೇ ಅಧಿಕಪ್ರಸಂಗ. ಅದನ್ನು ಪತ್ರಿಕೆಗೆ ಕೊಡುವುದು ಇನ್ನೂ ದೊಡ್ಡದು. ಮೂರು ಸಲ ಹರಿದು ಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಆದರೆ ತಾಮ್ರಪರ್ಣಿ ನದಿಯ ದಂಡೆಯ ನಿಮ್ಮ ಪಂಪ್ ಹೌಸಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದ ನನ್ನ ಅಪ್ಪ ಇಸಕ್ಕಿಮುತ್ತುವನ್ನು ನೀವು ನೀರುಗಳ್ಳ ಎಂದು ಅಮಾನತು ಮಾಡಿದ್ದೀರಿ. ಸೋಮವಾರ ವಿಚಾರಣೆ. ಸುಮ್ಮನಿರಲು ಆಗುತ್ತಿಲ್ಲ.

ನಿಮ್ಮ ಸಾಕ್ಷಿ ಒಂದೇ: ಪೈಪನ್ನು ಕೊರೆಯದೆ, ಹೊರಗಿನಿಂದ ಪಟ್ಟಿ ಬಿಗಿದು, ಶಬ್ದದ ಅಲೆಯಿಂದ ಹರಿವು ಅಳೆಯುವ ಮೀಟರ್. ಪಂಪ್ ಎತ್ತಿದ್ದು ಗಂಟೆಗೆ ಇನ್ನೂರ ಇಪ್ಪತ್ತು ಘನ ಮೀಟರ್ ಎಂದು ಅಪ್ಪನ ಪುಸ್ತಕ ಹೇಳುತ್ತದೆ. ಊರಿಗೆ ಹೋಗುವ ಪೈಪಿನಲ್ಲಿ ನಿಮ್ಮ ಮೀಟರಿಗೆ ಕಂಡದ್ದು ನೂರ ನಲವತ್ತು. ಉಳಿದದ್ದು ಟ್ಯಾಂಕರಿಗೆ ಹೋಯಿತು ಎಂದು ಬರೆದುಬಿಟ್ಟಿರಿ. ಎಂಥ ಚುರುಕು.

ಆ ಮೀಟರನ್ನು ಕೂಡಿಸಿದ್ದು ಹೇಗೆ ಎಂದು ಕೇಳಿದಿರಾ? ಪ್ರತಿ ಆಯುಧ ಪೂಜೆಗೆ ಪೈಪಿಗೆ ಹಸಿರು ಬಣ್ಣ ಬಳಿದು, ಎರಡೂ ಮಗ್ಗುಲಿಗೆ ವಿಭೂತಿ ಪಟ್ಟೆ, ಕುಂಕುಮ ಇಡುತ್ತೇವೆ. ಹಳೆಯದನ್ನು ಯಾರೂ ಕೆರೆಯುವುದಿಲ್ಲ. ಬಣ್ಣದ ಮೇಲೆ ಬಣ್ಣ. ಮೀಟರಿನ ಸೆನ್ಸರ್ ಕೂರಬೇಕಾದ್ದೂ ಅದೇ ಮಗ್ಗುಲಿಗೆ, ಬಣ್ಣ ಕೆರೆದ ಬರಿ ಕಬ್ಬಿಣಕ್ಕೆ. ನಿಮ್ಮ ಕಿರಿಯ ಎಂಜಿನಿಯರ್ ಏನೆಂದರು ಗೊತ್ತೇ?

“ಸಾಮಿ ಇರೋ ಜಾಗ ಕೆರೆದು ಪಾಪ ಕಟ್ಕೊಳ್ಳೋಕೆ ನಾನೇನು ಹುಚ್ಚನಾ? ನೆತ್ತಿ ಮೇಲೆ ಕೂಡಿಸಿ.”

“ಸಾರ್, ಮೇಲ್ಗಡೆ ಗಾಳಿ ನಿಂತಿರುತ್ತೆ, ಶಬ್ದ ದಾಟಲ್ಲ,” ಎಂದರು ಅಪ್ಪ.

“ಪೆರಿಯವರೇ, ನೀವು ವಾಲ್ವ್ ತಿರುಗಿಸಿ. ಮೀಟರ್ ಓದೋಕೆ ನಾವಿದ್ದೀವಿ.”

ಓದಿದರು. ತೆರೆಯ ಮೂಲೆಯಲ್ಲಿ ಸಿಗ್ನಲ್ ಸಾಲದು ಎಂದು ಮಿನುಗುತ್ತಿತ್ತಂತೆ. ಅದನ್ನು ಮಾತ್ರ ಓದಲಿಲ್ಲ. ಪೈಪಿನ ವಿಭೂತಿ ಅಳಿಸಲು ಹೆದರಿದವರಿಗೆ ಮನುಷ್ಯನ ಮಾನ ಅಳಿಸಲು ಹೆದರಿಕೆಯಾಗಲಿಲ್ಲವೇ?

ಈಗ ಚಹಾದಂಗಡಿಯಲ್ಲಿ, “ಏನಣ್ಣಾಚಿ, ನಮ್ಮನೆಗೂ ಒಂದು ಟ್ಯಾಂಕರ್ ಕಳಿಸ್ತೀರಾ?” ಎಂದು ಕೇಳುತ್ತಾರೆ. ಅಪ್ಪ ಲೋಟ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಾರೆ. ಹಾಸ್ಟೆಲಿನಿಂದ ಫೋನ್ ಮಾಡಿದಾಗ ನನಗೆ ಹೇಳಿದ್ದು ಇಷ್ಟೇ: “ಆ ವಿಭೂತಿ ಹಚ್ಚಿದೋನು ನಾನೇ, ತಾಯೀ. ಒಂದು ಮಾತು ಕೇಳಿದ್ರೆ ನಾನೇ ಕೆರೆದು ಕೊಡ್ತಿದ್ದೆ.”

ಕಾಲೇಜಿನ ಲ್ಯಾಬಿನಿಂದ ಅಂಥದೇ ಮೀಟರ್ ಬೇಡಿ ತಂದೆ. ಪಂಪ್ ಹೌಸಿನ ಬಾಗಿಲು ತೆರೆದವರ ಹೆಸರು ಹೇಳುವುದಿಲ್ಲ. ನಿಮ್ಮ ಕೈಗೆ ಇನ್ನೊಬ್ಬರು ಸಿಗುವುದು ಬೇಡ. ಅದೇ ಪೈಪಿನಲ್ಲಿ, ತಿರುವಿನಿಂದ ದೂರದ ನೇರ ಭಾಗದ ಮಗ್ಗುಲಲ್ಲಿ, ಕೈಮುಗಿದು ಕೆರೆದೆ. ಬಣ್ಣ ಹಪ್ಪಳದಂತೆ ಎದ್ದಿತು. ಪೈಪಿನ ಅಳತೆ, ದಪ್ಪ, ಲೋಹ ಎಲ್ಲವನ್ನೂ ಮೀಟರಿಗೆ ತುಂಬಿದೆ. ಮೀಟರ್ ಹೇಳಿದಷ್ಟೇ ಅಂತರದಲ್ಲಿ ಎರಡು ಸೆನ್ಸರುಗಳನ್ನು ಜೆಲ್ ಹಚ್ಚಿ ಬಿಗಿದೆ. ತೆರೆಯ ಮೇಲೆ ಅಂಕಿ ಅಲುಗದೆ ನಿಂತಿತು: ಇನ್ನೂರ ಹದಿನೆಂಟು. ವಿಡಿಯೊ ಇದೆ.

ಅಪ್ಪನಿಗೆ ಕೆಲಸ ಮರಳಿ ಸಿಕ್ಕರೆ ನನಗೆ ಸಾಲದು. ನಿಮಗೆ ನಾಚಿಕೆಯಾಗಬೇಕು. ಸೋಮವಾರದ ವಿಚಾರಣೆ ನಿಮ್ಮ ತಂಪು ಕೋಣೆಯಲ್ಲಿ ಬೇಡ; ಪಂಪ್ ಹೌಸಿನಲ್ಲಿ, ಎಲ್ಲ ಕೆಲಸಗಾರರ ಎದುರು ನಡೆಯಲಿ. ನೀವೇ ಮಂಡಿಯೂರಿ ಸೆನ್ಸರ್ ಕಟ್ಟಿ, ಬಂದ ಅಂಕಿಯನ್ನು ಗಟ್ಟಿಯಾಗಿ ಓದಿ. ಆಮೇಲೆ ಗೇಟಿಗೆ ಅಂಟಿಸಿದ ಅಮಾನತಿನ ಆದೇಶವನ್ನು, ಊರು ನೋಡುತ್ತಿರುವಾಗ, ನಿಮ್ಮ ಉಗುರಿನಿಂದಲೇ ಕಿತ್ತು ತೆಗೆಯಿರಿ. ಅಂಟು ಗಟ್ಟಿಯಾಗಿದೆ, ನಾನು ಕಿತ್ತು ನೋಡಿದ್ದೇನೆ.

ಬರುತ್ತೀರೋ ಇಲ್ಲವೋ, ದಯವಿಟ್ಟು ಶನಿವಾರದೊಳಗೆ ಉತ್ತರ ಕೊಡಿ.

ಇಂತಿ,
ಕಾಲೇಜಿನಲ್ಲಿ ಇನ್ನೂ ಒಂದು ಪರೀಕ್ಷೆಯನ್ನೂ ಪಾಸು ಮಾಡದ, ನೀರುಗಳ್ಳನ ಮಗಳು
ಇ. ಸುಡಲೈವಡಿವು