ನಿನ್ನ ಸ್ಪೀಡಿಗೆ ಇದೇ ಸಾಕು

ಫೆಬ್ರವರಿ 3, ಸೋಮವಾರ

ಲ್ಯಾಬಿನಲ್ಲಿ ನಾಲ್ಕು ಸೆಟ್ ಕಟ್ಟುಹಲ್ಲು ಪಾಲಿಶ್ ಮಾಡಿ ಹಲ್ಲಿನ ಡಾಕ್ಟರಿಗೆ ಕಳಿಸಿದೆ. ಐದನೆಯದರ ಮೇಣವನ್ನು ಜೋರಾಗಿ ಕೆತ್ತಿಬಿಟ್ಟೆ. ಸಿಟ್ಟಿಗೆ. ಮುಂದಿನ ಎರಡು ಹಲ್ಲು ಸೊಟ್ಟಗೆ ಕೂತವು, ಅವೂ ನನ್ನನ್ನು ನೋಡಿ ಕಿಸಿಯುತ್ತಿರುವ ಹಾಗೆ.

ನಿನ್ನೆ ತಮ್ಮನ ಟೈರ್ ಅಂಗಡಿಗೆ ಹೋಗಿದ್ದೆ. ಹದಿನಾರಕ್ಕೆ ಟ್ರ್ಯಾಕ್ ಡೇ. ರೇಸ್ ಟ್ರ್ಯಾಕನ್ನು ನಮ್ಮಂಥವರಿಗೆ ಬಿಟ್ಟುಕೊಡುವ ದಿನ. ಬೈಕಿಗೆ ಸ್ಲಿಕ್ ಹಾಕು ಅಂದೆ. ಒಂದು ಗೀರೂ ಇಲ್ಲದ ಬೋಳು ರೇಸ್ ಟೈರ್. ಅವನು ತಲೆ ಎತ್ತಲಿಲ್ಲ.

"ಬೇಡಕ್ಕಾ. ಸ್ಲಿಕ್ ಬಿಸಿಯಾದ್ರೇನೇ ಹಿಡಿಯೋದು. ಅದನ್ನ ಬಿಸಿಯಾಗಿಡೋಕೆ ವೇಗ ಬೇಕು. ನಿನ್ನ ಸ್ಪೀಡಿಗೆ ರೋಡ್ ಟೈರೇ ಸಾಕು."

ನಿನ್ನ ಸ್ಪೀಡಿಗೆ! ಇಬ್ಬರು ಗಿರಾಕಿಗಳ ಮುಂದೆ! ಇವನಿಗೆ ಸೈಕಲ್ ಕಲಿಸಿದವಳು ನಾನು. ಸೀಟು ಹಿಡಿದು ಹಿಂದೆ ಹಿಂದೆ ಓಡಿ ಮೊಣಕಾಲು ಕಿತ್ತುಕೊಂಡವಳು ನಾನು.

ಫೆಬ್ರವರಿ 8, ಶನಿವಾರ

ಬೇರೆ ಅಂಗಡಿಯಲ್ಲಿ ಹಾಕಿಸಿದೆ. ಸ್ಲಿಕ್ ಹಾಕಿಕೊಂಡು ರಸ್ತೆಗೆ ಇಳಿಯುವಂತಿಲ್ಲ, ಪಿಕಪ್‌ನಲ್ಲಿ ಒಯ್ಯಬೇಕು. ಮನೆಯಲ್ಲಿ ಇವರು ಕೇಳಿದರು — "ತಮ್ಮನನ್ನ ಒಂದ್ ಮಾತು ಕೇಳಿದ್ಯಾ?"

"ಬೈಕು ನಂದು. ಟೈರು ನಂದು. ಅಪ್ಪಣೆ ಅವನದಾ?"

ಇವರು ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂತರು.

ತಮ್ಮನ ಫೋನು. ಮೂರನೇ ಸಲಕ್ಕೆ ಎತ್ತಿದೆ.

"ಹಾಕಿಸಿದ್ಯಂತೆ."

"ಹ್ಞೂಂ."

"ವಾರ್ಮರ್ ಇದ್ಯಾ?"

ಟೈರಿಗೆ ಹೊದಿಸಿ ಕರೆಂಟಿನಲ್ಲಿ ಕಾಯಿಸುವ ಕಂಬಳಿ. ಇಲ್ಲ.

"ಅಂಗಡೀಲಿ ನಂದಿದೆ, ತಗೊಂಡ್ ಹೋಗು."

ಅವನ ಕಂಬಳಿ ಯಾರಿಗೆ ಬೇಕು. ಫೋನ್ ಇಟ್ಟೆ.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ 7.10

ಟ್ರ್ಯಾಕ್ ಪಕ್ಕದ ಶೆಡ್. ಚಳಿ. ಬೆರಳು ಸೆಟೆದುಕೊಂಡಿವೆ, ಅಕ್ಷರ ಹೀಗೆ. ಸ್ಲಿಕ್ ಹಾಕಿದವರೆಲ್ಲರ ಚಕ್ರಕ್ಕೂ ಕಂಬಳಿ. ನನ್ನವು ಮಾತ್ರ ಬೆತ್ತಲೆ. ಮುಟ್ಟಿ ನೋಡಿದೆ. ತಣ್ಣನೆ ಕಲ್ಲು.

ತರಬೇತಿ ಕೊಡುವ ಮೇಷ್ಟ್ರು ಬಂದರು. "ಮೇಡಂ, ಮೊದಲನೇ ಸೆಷನ್ ಬಿಡಿ. ಬಿಸಿಲೇರಲಿ."

ಸರಿ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ನಕ್ಕು ಸೇರಿಸಿದರು — "ನಿಧಾನ ಹೋಗೋರಿಗೆ ಸ್ಲಿಕ್ ಎಲ್ಲ ಯಾಕೆ ಹೇಳಿ?"

ಸರಿ ಅನ್ನಲಿಲ್ಲ. ನಮ್ಮ ಗುಂಪನ್ನು ಕರೆಯುತ್ತಿದ್ದಾರೆ. ಹೋಗಿ ತೋರಿಸು—

ಫೆಬ್ರವರಿ 25, ಮಂಗಳವಾರ

ಎಡಗೈ ಬರಹ. ಕೋಳಿ ಕೆದಕಿದ ಹಾಗೆ.

ಎರಡನೇ ತಿರುವು. ಬಲಕ್ಕೆ ವಾಲಿದೆ, ಅಷ್ಟೇ. ಮುಂದಿನ ಚಕ್ರ ಹೇಳದೆ ಕೇಳದೆ ಜಾರಿತು. ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಲ್ಯಾಬಿನಲ್ಲಿ ಹನ್ನೊಂದು ಬೊಚ್ಚುಬಾಯಿಗಳು ನನಗಾಗಿ ಕಾಯುತ್ತಿವೆ.

ತಮ್ಮ ದಿನಾ ಬರುತ್ತಾನೆ. ಕೂರುತ್ತಾನೆ. ಕಿತ್ತಳೆ ಸುಲಿದು ತೊಳೆ ಕೊಡುತ್ತಾನೆ. ಒಂದು ಸಲವಾದರೂ "ನಾನು ಹೇಳಿರಲಿಲ್ವಾ" ಅನ್ನಬಾರದೇ? ಜಗಳವಾದರೂ ಆಡಬಹುದಿತ್ತು. ಏನು ಸಂಭಾವಿತ! ಮೈ ಉರಿಯುತ್ತದೆ.

ಮಾರ್ಚ್ 2, ಭಾನುವಾರ

ತಡೆಯಲಾಗಲಿಲ್ಲ. ನಾನೇ ಕೆಣಕಿದೆ. "ನಿಧಾನದವಳು ಬಿದ್ದಳು ಅಂತ ಒಂದ್ ಸಲ ಹೇಳಿಬಿಡು. ಹೊಟ್ಟೆ ತಣ್ಣಗಾಗಲಿ."

ತೊಳೆ ಅವನ ಕೈಯಲ್ಲೇ ಉಳಿಯಿತು.

"ನೀನು ನಿಧಾನ ಅಲ್ಲಕ್ಕಾ."

"ಏನಂದೆ?"

"ಜನವರೀಲಿ ಸರ್ವಿಸ್‌ಗೆ ಬಿಟ್ಟಿದ್ಯಲ್ಲ, ಆಗ ಟೈರ್ ನೋಡ್ದೆ. ಅಂಚಿನವರೆಗೂ ಸವೆದಿತ್ತು. ಬೈಕನ್ನ ಅಷ್ಟು ವಾಲಿಸೋರು ನಿಮ್ಮ ಬೈಕ್ ಕ್ಲಬ್ಬಲ್ಲಿ ನಾಲ್ಕು ಜನ ಇಲ್ಲ."

"ಮತ್ತೆ ನಿಧಾನ ಅಂದಿದ್ದು?"

"ಬೀಳ್ತೀಯ ಅಂತ ಹೆದರಿಕೆ ಆಯ್ತು. ನಿಧಾನ ಅಂದ್ರೆ ಬೇಜಾರಾಗಿ ಸ್ಲಿಕ್ ಆಸೆ ಬಿಟ್ಬಿಡ್ತೀಯ ಅಂದ್ಕೊಂಡೆ."

ಸುಳ್ಳು! ನಲವತ್ತೆಂಟು ವರ್ಷದ ಅಕ್ಕನಿಗೆ, ಮಗುವಿಗೆ ಗುಮ್ಮ ತೋರಿಸಿದ ಹಾಗೆ! "ನೀನು ಜೋರಾಗಿ ಹೋಗ್ತೀಯ, ಆದ್ರೆ ತಣ್ಣನೆ ಸ್ಲಿಕ್‌ನಲ್ಲಿ ಹೋಗ್ಬೇಡ" — ಇಷ್ಟು ನಿಜ ಹೇಳಿದ್ದರೆ? ಕೇಳುತ್ತಿದ್ದೆ. ಕಂಬಳಿಯನ್ನು ನಾನೇ ಬಂದು ಹೊತ್ತುಕೊಂಡು ಹೋಗುತ್ತಿದ್ದೆ! ಕೂಗಾಡಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅವನು ಅತ್ತುಬಿಟ್ಟ. ಆ ಮೀಸೆ, ಟೈರ್ ಎತ್ತಿ ಎತ್ತಿ ದಪ್ಪಗಾದ ಆ ತೋಳು, ಅಳು. ಅದಕ್ಕೂ ರೇಗಿತು.

ಅವನು ಹೋದ ಮೇಲೆ ಒಬ್ಬಳೇ ಕೂತಿದ್ದೆ. ನಾಲ್ಕು ಜನ ಇಲ್ಲವಂತೆ. ನಾಲ್ಕು ಜನ...

ಮಾರ್ಚ್ 5, ಬುಧವಾರ

ಬಸ್ಸಿನಲ್ಲಿ ಅಂಗಡಿಗೆ ಹೋದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ರೋಡ್ ಟೈರ್ ಹಾಕು ಅಂದೆ. ಬೇಗ ಬಿಸಿಯಾಗುತ್ತದೆ, ಬೆಳಗಿನ ಚಳಿಗೆ ಅದೇ ಸರಿ. "ಇದು ನನ್ನ ತೀರ್ಮಾನ. ನಿಂದಲ್ಲ."

"ಹ್ಞೂಂ" ಅಂದ. ಕೈ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ — "ಮೇಷ್ಟ್ರು ಮೊದಲನೇ ಸೆಷನ್ ಬೇಡ ಅಂದಿದ್ರಂತೆ. ಯಾಕ್ ಹೋದೆ ಅಕ್ಕಾ?"

ಎಂಥ ಪ್ರಶ್ನೆ! ನೀನು ಸುಳ್ಳು ಹೇಳಿದ್ದಕ್ಕೆ, ಅವರು ನಕ್ಕಿದ್ದಕ್ಕೆ — ಎಲ್ಲ ಬಾಯಲ್ಲೇ ಇತ್ತು. ಎದ್ದು ಬಂದುಬಿಟ್ಟೆ.

ಮನೆಗೆ ಬಂದು ಗಂಟೆಯಾಯಿತು. ಇನ್ನೂ ಚಪ್ಪಲಿ ಬಿಟ್ಟಿಲ್ಲ. ಅವನಿಗೆ ಹೇಳದಿದ್ದರೂ ಇಲ್ಲಾದರೂ ಬರೆಯಬೇಕು. ಆವತ್ತು ಟೈರ್ ಮುಟ್ಟಿ ನೋಡಿದ್ದೆ. ತಣ್ಣಗಿತ್ತು. ಬೀಳುತ್ತೇನೆ ಅಂತ ಗೊತ್ತಿತ್ತು. ಗೊತ್ತಿದ್ದೂ ಹೋದೆ, ಹಟಕ್ಕೆ.