ಕೊನೆ ಪುಟದ ಮೂರನೇ ಕೈಬರಹ

ಪುಟ್ಟಾ,

ಬೀಗ ತೆಗೀಬೇಡ, ಬಾಗಿಲ ಹೊರಗೇ ನಿಂತು ಓದು.

ಆ ಪತ್ತೇದಾರಿ ಕಾದಂಬರಿ ಓದಿ ಮುಗಿಸಿದೆ. ನಮ್ಮನೆ ಪದ್ಧತಿಯಂತೆ ಅಭಿಪ್ರಾಯ ಬರೆಯೋಣ ಅಂತ ಕೊನೆ ಪುಟ ತೆಗೆದರೆ, ನಿನ್ನ "ಪತ್ತೇದಾರ ಶುದ್ಧ ಪೆದ್ದ" ಅನ್ನೋದರ ಕೆಳಗೆ "ಹೌದು, ಅಟ್ಟ ಹತ್ತಿ ನೋಡಲೇ ಇಲ್ಲ" ಅಂತಿತ್ತು. ನಾವಿಬ್ಬರೇ ಇರೋ ಮನೆ, ನಿಂದೇ ಚೇಷ್ಟೆ ಅಂದುಕೊಂಡೆ. "ಕೊನೆ ಸಪ್ಪೆ" ಅಂತ ಬರೆದಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಅದಕ್ಕೂ ಉತ್ತರ: "ನನಗೆ ಹಿಡಿಸಿತು. ಅಟ್ಟದಲ್ಲಿದ್ದವನು ಸಿಗಲೇ ಇಲ್ಲವಲ್ಲ."

ಆಗ ನೀನು ಮನೆ ಬಿಟ್ಟು ಗಂಟೆಯಾಗಿತ್ತು.

ಪೊಲೀಸರನ್ನ ಕರೆಯೋಕೆ ಹೋಗಿದ್ದೀನಿ. ನೀನು ಎದುರುಮನೆ ಅಜ್ಜಿ ಹತ್ರ ಕೂತಿರು, ಶೂರತನ ತೋರಿಸಬೇಡ.

ಮುಚ್ಚಿಟ್ಟ ಊಟ ಖಾಲಿಯಾದಾಗಲೆಲ್ಲ ನಿನ್ನನ್ನೇ ಬೈತಿದ್ದೆ ಕಣೋ.

ಅಕ್ಕ