ರಾಜನ ಕಿವಿ ಹಿಂದಿನ ಕರಿ ಚುಕ್ಕೆ

ಗುಬ್ಬಿ
17 ನವೆಂಬರ್ 2025, ಸೋಮವಾರ

ಕುಣಿಗಲ್ಲಿನ ಕರಿಸಿದ್ದಪ್ಪ ತಾತನವರಿಗೆ, ಸಂಧ್ಯಾ ಮಾಡುವ ನಮಸ್ಕಾರಗಳು.

ಹನ್ನೊಂದು ದಿನದಿಂದ ನಿಮ್ಮ ಫೋನ್ ಎತ್ತಿಲ್ಲ. ಮೆಸೇಜುಗಳಿಗೆ ನೀಲಿ ಟಿಕ್ ಬಿಟ್ಟರೆ ಬೇರೇನೂ ಕೊಟ್ಟಿಲ್ಲ. ಕ್ಷಮಿಸಿ ತಾತ. ವಾಯ್ಸ್ ನೋಟ್ ಮಾಡಲು ನಾಲ್ಕು ಸಲ ಹೋದೆ, ನಾಲ್ಕನ್ನೂ ಡಿಲೀಟ್ ಮಾಡಿದೆ. ಕಾಲೇಜು ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಇವತ್ತೇ. ಅಕ್ಷರ ನೋಡಿ ನಗಬೇಡಿ.

ನಿನ್ನೆ ನಿಮ್ಮ ಸೊಸೆ ಪ್ರೇಮಲತಾ ಆಂಟಿ ಫೋನ್ ಮಾಡಿದ್ದರು. “ಮಾವ ನಾಣ್ಯದ ಆಲ್ಬಮ್ಮೆಲ್ಲಾ ಗೋಣಿಚೀಲಕ್ಕೆ ತುಂಬ್ತಾವ್ರೆ ಕಣಮ್ಮ. ಭಾನುವಾರ ಸಿದ್ಧಾರ್ಥ್ ಬಂದು ತಗೊಂಡೋಗ್ತಾನಂತೆ. ನಂಗೆ ಕಣ್ಣೋಯ್ತು, ಇನ್ಯಾಕೆ ಇವೆಲ್ಲ ಅಂತವ್ರೆ. ನೀನಾದ್ರೂ ಒಂದ್ ಮಾತು ಹೇಳು” ಅಂದರು. ನಮ್ಮ ನಾಣ್ಯದ ಗ್ರೂಪಿನ ಅಡ್ಮಿನ್ ಸಿದ್ಧಾರ್ಥ್ ನಿಮ್ಮ ನಲವತ್ತು ವರ್ಷದ ಸಂಗ್ರಹವನ್ನು ಸ್ಕೂಟರಿನಲ್ಲಿ ಹೊತ್ತೊಯ್ಯುವುದನ್ನು ನೆನೆದರೆ ಅನ್ನ ಸೇರುತ್ತಿಲ್ಲ.

ನಿಮಗೆ ಕಣ್ಣು ಹೋಯಿತಾ? ಎರಡು ವರ್ಷದ ಹಿಂದೆ ನಾನೊಂದು ಹಳೆ ರೂಪಾಯಿಯ ಫೋಟೋ ಹಾಕಿದಾಗ ಗ್ರೂಪಿನವರೆಲ್ಲ “ಸೂಪರ್”, “ಲಕ್ಷ ಬರುತ್ತೆ” ಎಂದು ಬೆಂಕಿ ಎಮೋಜಿ ಸುರಿದರು. ನೀವೊಬ್ಬರೇ, “ಅದನ್ನ ಸಿಮೆಂಟ್ ನೆಲದ್ ಮೇಲೆ ಬುಡು ಮಗಾ, ಸದ್ದು ಕಳ್ಸು” ಅಂದಿರಿ. ಕಳಿಸಿದೆ. ಒಂದೇ ನಿಮಿಷಕ್ಕೆ ಉತ್ತರ ಬಂತು: “ತಗಡು.” ಅವತ್ತಿನಿಂದ ನಾನು ನಿಮ್ಮ ಫ್ಯಾನ್. ಲೈಟಿಲ್ಲದ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಹೆಬ್ಬೆರಳಿನಲ್ಲೇ ಚಿಲ್ಲರೆ ಗುರುತು ಹಿಡಿದ ಕಂಡಕ್ಟರ್ ನೀವು.

ರಾಜನ ತಲೆಯಿರುವ ನಿಮ್ಮ 1911ರ ಬೆಳ್ಳಿ ರೂಪಾಯಿಯನ್ನು, ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವವರ ಹತ್ತಿರ ಗ್ರೇಡಿಂಗ್‌ಗೆ ಕಳಿಸೋಣ ಎಂದು ಹಟ ಹಿಡಿದವಳೇ ನಾನು. ಶ್ರಾವಣದಲ್ಲಿ ನಿಮ್ಮ ಮನೆಗೆ ಬಂದು ಈಸಿಕೊಂಡೆ. ಒಂದು ದಿನ ನಮ್ಮನೆಯಲ್ಲಿತ್ತು. ಒಳ್ಳೆ ಗ್ರೇಡ್ ಬರಲಿ ಎಂದು ನಮ್ಮ ಸರ್ವಮಂಗಳಜ್ಜಿ ಅದನ್ನು ಲಿಂಗದ ಮುಂದಿಟ್ಟು ಕೈ ಮುಗಿದಳು. ಮಾರನೇ ದಿನ ತುಮಕೂರಿನಿಂದ ಕೊರಿಯರ್ ಮಾಡಿದೆ. ಅದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲಾಗಿ ವಾಪಸ್ ಬಂತು. ಮೇಲೆ, ‘ನಾಣ್ಯವನ್ನು ಉಜ್ಜಲಾಗಿದೆ, ಗ್ರೇಡ್ ಕೊಡಲಾಗದು’ ಎಂಬ ಚೀಟಿ.

ನೀವು ಸುಮ್ಮನಿರಲಿಲ್ಲ. “ನಮ್ಮವ್ವ ರಾಗಿ ವಾಡೆಯಿಂದ ತೆಗ್ದು ಕೊಟ್ಟಾಗಿಂದ ಇದಕ್ಕೆ ಬಟ್ಟೆ ಕೂಡ ಸೋಕಿಸಿಲ್ಲ. ಅವ್ರು ಹೇಳಿದ್ದು ಸುಳ್ಳು” ಎಂದು ಗ್ರೂಪಿನಲ್ಲಿ ಬರೆದಿರಿ. “ಕಂಡಕ್ಟ್ರಣ್ಣ, ಹೋಲ್ಡಾನ್! ಕನ್ನಡಕ ಬದ್ಲಾಯಿಸ್ಕೊಂಡ್ ಬನ್ನಿ” ಅಂದ ಒಬ್ಬ. ಅವನಿಗೆ ನಾನು ಇಪ್ಪತ್ತೇಳು ಮೆಸೇಜು ಹೊಡೆದೆ. “ಅವರು ನಾಣ್ಯ ನೋಡ್ತಾರೆ, ನಮ್ಮ ತಾತ ನಾಣ್ಯ ಓದ್ತಾರೆ” ಎಂದದ್ದಕ್ಕೆ ಹದಿನಾಲ್ಕು ಹಾರ್ಟ್ ಬಂದವು. ನನಗೋ ಭಾರೀ ಖುಷಿ.

ಆಮೇಲೆ ನೀವು ನನಗೊಬ್ಬಳಿಗೇ ಒಂದು ಮೆಸೇಜು ಹಾಕಿದಿರಿ. “ರಾಜನ ಕಿವಿ ಹಿಂದೆ ಕರಿ ಚುಕ್ಕೆ ಒಂದಿತ್ತಲ್ಲ ಮಗಾ? ಈಗ ಕಾಣ್ತಿಲ್ಲ. ಅಲ್ಲಿ ಸಣ್ಣ ಗೀರು ಕಾಣ್ತವೆ. ನಲವತ್ತು ವರ್ಷ ನಾನೇನ್ ನೋಡ್ದೆ ಹಂಗಾರೆ?”

ಆ ಮೆಸೇಜು ಬಂದ ದಿನದಿಂದಲೇ ನಾನು ನಿಮ್ಮ ಫೋನ್ ಎತ್ತುತ್ತಿಲ್ಲ.

ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಚೆನ್ನಾಗಿದೆ. ಲೆನ್ಸ್ ಹಿಡಿದು ಬೇರಿಂಗಿನ ಗೀರು ಹುಡುಕುವುದೇ ನನ್ನ ಡ್ಯೂಟಿ. ಅಜ್ಜಿ ನಿಮಗೆ ಶರಣು ಹೇಳಿದ್ದಾಳೆ, ನೀವು ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ದೇವರು ನಿಮ್ಮನ್ನು ನೂರು ವರ್ಷ ಗಟ್ಟಿಯಾಗಿಡಲಿ. ನನ್ನ ತಲೆ ಮೇಲೆ ಕೈಯಿಡಲು ನಿಮಗೆ ಮನಸ್ಸು ಬಂದರೆ ಇಡಿ.

ನಿಮ್ಮ,
ಸಂಧ್ಯಾ

ಮರೆತು ಬಿಟ್ಟದ್ದಲ್ಲ ತಾತ, ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮ ರೂಪಾಯಿ ನಮ್ಮನೆಯಲ್ಲಿದ್ದ ಆ ಶ್ರಾವಣ ಸೋಮವಾರ ಅಜ್ಜಿ ಪೂಜೆಯ ಬೆಳ್ಳಿ ದೀಪಗಳಿಗೆ ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು. “ಬೆಳ್ಳಿಗೆ ಇದ್ರಂಗೆ ಯಾವುದೂ ಇಲ್ಲ ಕಣೇ” ಅಂದಳು. ಆ ಚುಕ್ಕೆಯಿಂದ ಗ್ರೇಡ್ ಕಡಿಮೆಯಾದೀತೆಂದು ಹೆದರಿ, ಅವಳು ಒಳಗೆ ಹೋದಾಗ ಒಂದು ಚಿಟಿಕೆ ವಿಭೂತಿ ತೆಗೆದು ರೂಪಾಯಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿದೆ. ಚುಕ್ಕೆ ಹೋಯಿತು. ಒಳ್ಳೆ ಕೆಲಸ ಮಾಡಿದೆ ಅಂದುಕೊಂಡೆ. ಅದೇ ತಪ್ಪೆಂದು ಚೀಟಿ ನೋಡಿದ ದಿನವೇ ಗೊತ್ತಾಯಿತು. ಗೊತ್ತಿದ್ದೂ ಇಪ್ಪತ್ತೇಳು ಮೆಸೇಜು ಬರೆದೆ. ಗ್ರೇಡಿಂಗಿನವರು ಬರೆದದ್ದು ಸರಿ. ನಿಮ್ಮ ಕಣ್ಣಿನದೂ ತಪ್ಪಿಲ್ಲ. ಇದನ್ನೇ ಈಗ ಗ್ರೂಪಿಗೂ ಹಾಕುತ್ತೇನೆ. ಭಾನುವಾರ ಸಿದ್ಧಾರ್ಥ್ ಬರುವ ಮೊದಲೇ ಬಂದು ನಿಮ್ಮ ಜಗಲಿಯ ಮೇಲೆ ಕೂತಿರುತ್ತೇನೆ. ನನ್ನನ್ನು ಒಳಗೆ ಕರೆಯದಿದ್ದರೂ ಸರಿ, ಆ ಗೋಣಿಚೀಲ ಮಾತ್ರ ಬಿಚ್ಚಿ. ಚುಕ್ಕೆ ಇತ್ತು ತಾತ.